ಸಣ್ಣ ನೀಲಿ ಮುಳ್ಳು

೧೯೭೨ರ ಫೆಬ್ರವರಿ ೭, ಸೋಮವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಬೊಂಬಾಯಿಯ ಚೆಂಬೂರು ಕಡೆಯ ಒಂದು ಪೊಲೀಸ್ ಠಾಣೆಗೆ ಮೋನಪ್ಪ ಬಂಗೇರ ಎಂಬವರು ದೂರು ಕೊಡಲು ಬಂದರು. ಡಿಸೆಂಬರಿನ ಯುದ್ಧದ ಹೊತ್ತಿಗೆ ಠಾಣೆಯ ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದ ಇನ್ನೂ ಹಾಗೆಯೇ ಇತ್ತು. ತೆಗೆಯಿರಿ ಎಂದು ಮೇಲಿನಿಂದ ಯಾರೂ ಹೇಳಿರಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡು ಕೂತಿದ್ದ ಇನ್‌ಸ್ಪೆಕ್ಟರ್ ಚನ್ನಬಸಯ್ಯ ಮಠಪತಿ, ಮೇಜಿನ ಕೆಳಗೆ ಬೂಟು ಕಳಚಿ ಊದಿದ ಕಾಲನ್ನು ಒಂದು ಇಟ್ಟಿಗೆಯ ಮೇಲೆ ಇಟ್ಟುಕೊಂಡಿದ್ದರು. ಅಕ್ಕಲಕೋಟೆ ಕಡೆಯವರು. ವಯಸ್ಸು ಐವತ್ತೈದು. ದೂರುದಾರರನ್ನು ನೋಡಿ ಬೂಟಿಗೆ ಕಾಲು ತೂರಿಸಿದರು.

"ಗಡಿಯಾರ ಹೋಗಿದೆ ಸಾಹೇಬ್ರೆ. ಕೈಗಡಿಯಾರ," ಎಂದರು ಮೋನಪ್ಪ.

"ಲೋಕಲ್ ರೈಲಿನಲ್ಲಾ?"

"ಲೋಕಲ್‌ಗೆ ಕಟ್ಟಿಕೊಂಡು ಹೋಗುವಂಥದ್ದಲ್ಲ ಮಾರಾಯ್ರೆ ಅದು. ಮನೆಯ ಕಪಾಟಿನಿಂದ ಹೋಗಿದೆ. ಹನ್ನೆರಡಿತ್ತು. ಈಗ ಹನ್ನೊಂದು."

ಪಕ್ಕದಲ್ಲಿ ಬರೆಯಲು ಕೂತಿದ್ದ ಹವಾಲ್ದಾರ್ ಗುರವ ತಲೆ ಎತ್ತಿ, "ಹನ್ನೆರಡಾ? ಇವರಿಗೆ ಕೈ ಎಷ್ಟು?" ಎಂದು ಮರಾಠಿಯಲ್ಲಿ ಗೊಣಗಿದ. ಮೋನಪ್ಪನವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವರು ಕೇಳಿಸದವರಂತೆ ಕೂತರು.

ಮೋನಪ್ಪ ಸ್ಟೇಷನ್ ಹತ್ತಿರ ಎರಡು ಹೊಟೇಲು ನಡೆಸುತ್ತಿದ್ದರು. ಉಡುಪಿಯಿಂದ ಬಂದ ಹೊಸದರಲ್ಲಿ ಮಹಾಲಕ್ಷ್ಮಿಯ ಕುದುರೆ ರೇಸಿನ ಮೈದಾನದಲ್ಲಿ ಚಹಾ ಮಾರುತ್ತಿದ್ದಾಗ, ಕುದುರೆ ಗೆರೆ ದಾಟಿದ ಕ್ಷಣಕ್ಕೆ ಯಾರೋ ಒಬ್ಬ ಸಾಹೇಬರು ಕೈಗಡಿಯಾರದ ಗುಂಡಿ ಒತ್ತಿ ಸೆಕೆಂಡಿನ ಮುಳ್ಳನ್ನು ನಿಲ್ಲಿಸಿದ್ದನ್ನು ಕಂಡಿದ್ದರಂತೆ. ಗಂಟೆ ನಿಮಿಷಗಳ ಮುಳ್ಳು ನಡೆಯುತ್ತಲೇ ಇತ್ತು, ಒಂದು ಮುಳ್ಳು ಮಾತ್ರ ನಿಂತಿತ್ತು. ಆ ಬಗೆಯ ಗಡಿಯಾರಕ್ಕೆ ಕ್ರೋನೋಗ್ರಾಫ್ ಎಂದು ಹೆಸರೆಂದು ಅವರಿಗೆ ತಿಳಿದದ್ದು ಹದಿನೈದು ವರ್ಷಗಳ ಮೇಲೆ. ಆಮೇಲೆ ಹಳೆಯ ಕ್ರೋನೋಗ್ರಾಫ್‌ಗಳನ್ನು ಹುಡುಕಿ ಕೂಡಿಸುವುದೊಂದೇ ಅವರ ಚಟ. ಬೀಡಿ ಇಲ್ಲ, ಇಸ್ಪೀಟಿಲ್ಲ.

"ವರ್ಣನೆ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಸ್ವಿಸ್ಸಿನದ್ದು. ನಲವತ್ತೊಂದನೇ ಇಸವಿ. ಸ್ಟೀಲು, ಕಪ್ಪು ಡಯಲು. ಒರಿಜಿನಲ್ ಕಂಡಿಶನ್ ಅಂತ ಬರೀರಿ."

"ಅಂದರೆ?"

"ಪಾಲಿಶ್ ಮಾಡಿಸಿಲ್ಲ. ಡಯಲಿಗೆ ಬಣ್ಣ ಹಚ್ಚಿಸಿಲ್ಲ. ಸ್ಕ್ರೂ, ಮುಳ್ಳು, ಗಾಜು, ಎಲ್ಲ ಕಾರ್ಖಾನೆಯಿಂದ ಬಂದ ಹಾಗೇ ಉಂಟು. ಅಂಕಿಯ ರೇಡಿಯಂ ಹಳದಿಯಾಗಿದೆ, ಆಗಲಿ. ಮಿರಿಮಿರಿ ಮಿಂಚುವ ಹಳೇ ಗಡಿಯಾರ ಬೊಂಬಾಯಲ್ಲಿ ಬೇಕಾದಷ್ಟು ಸಿಗ್ತದೆ ಸಾಹೇಬ್ರೆ, ಎಲ್ಲ ರಿಪೇರಿಯವರ ಕೈ ಬಿದ್ದದ್ದು. ಯಾರೂ ಮುಟ್ಟದ್ದು ಸಿಗುವುದಿಲ್ಲ." ಮತ್ತೆ ಹೇಳಿದರು: "ಒಳಗೆ ನಿಮಿಷ ಎಣಿಸಲಿಕ್ಕೆ ಒಂದು ಸಣ್ಣ ಡಯಲ್ ಉಂಟು. ಅದರ ಮುಳ್ಳು ನೀಲಿ. ಆ ನೀಲಿ ಈಗಿನ ಕಾಲದಲ್ಲಿ ಯಾರ ಕೈಯಲ್ಲೂ ಆಗುವುದಿಲ್ಲ. ನಾನು ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುವುದು."

ಪ್ರತಿ ಸೋಮವಾರ ಬೆಳಿಗ್ಗೆ ಅವರು ಹನ್ನೆರಡನ್ನೂ ಹೊರತೆಗೆದು ಮಸ್ಲಿನ್ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದರು. ಜನವರಿ ೩೧ರಂದು ಗಡಿಯಾರವಿತ್ತು. ಈ ಬೆಳಿಗ್ಗೆ ಇರಲಿಲ್ಲ. ಬರುವ ಭಾನುವಾರ, ಟ್ರಾಂಬೆಯ ಒಂದು ಕಾರ್ಖಾನೆಗೆ ಬಂದಿರುವ ಸ್ವಿಸ್ ಎಂಜಿನಿಯರೊಬ್ಬರು ಅದನ್ನು ನೋಡಲೆಂದೇ ಮನೆಗೆ ಬರುವವರಿದ್ದರು.

"ಈ ವಾರದಲ್ಲಿ ಮನೆಗೆ ಯಾರು ಬಂದಿದ್ದರು?"

"ಯಾರೂ ಇಲ್ಲ."

"ಯಾರೂ?"

"ಕೆಲಸದ ಹನುಮವ್ವ. ಬೇರೆ ಯಾರಿದ್ದಾರೆ?"

ಎಫ್‌ಐಆರ್ ಸಂಖ್ಯೆ ೪೧, ಮನೆಯೊಳಗಿನ ಕಳವು, ಎಂದು ದಾಖಲಾಯಿತು. ಗಡಿಯಾರದ ನಂಬರನ್ನು ಮೋನಪ್ಪ ತಮ್ಮ ಟಿಪ್ಪಣಿ ಪುಸ್ತಕ ನೋಡಿ ಬರೆಸಿದರು. ಅದು ಹಿಂಬದಿ ಮುಚ್ಚಳದ ಒಳಗೆ ಇರುತ್ತದಂತೆ.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಮತ್ತು ಗುರವ ಪಂಚನಾಮೆಗೆ ಹೋದರು. ಮೂರನೇ ಮಹಡಿ. ಗುರವನಿಗೆ ಮೇಲುಸಿರು ಬಂದದ್ದನ್ನು ನೋಡಿ ಮೋನಪ್ಪನವರ ಹೆಂಡತಿ ನೀಲಾವತಿ ಕೇಳದೆಯೇ ಬೆಲ್ಲ, ನೀರು ತಂದಿಟ್ಟರು. ಬಿಲ್ಡಿಂಗಿನ ಸೆಕ್ರೆಟರಿ ಮತ್ತು ಹೊಟೇಲಿನ ಮ್ಯಾನೇಜರ್ ಪೂವಪ್ಪ ಪಂಚರಾದರು.

ಸಾಗುವಾನಿ ಕಪಾಟು, ಗಾಜಿನ ಬಾಗಿಲು. ಹಸಿರು ಮಖಮಲ್ಲಿನ ಹನ್ನೆರಡು ಗುಳಿಗಳಲ್ಲಿ ಐದನೆಯದು ಖಾಲಿ. ಬೀಗ ಮುರಿದಿಲ್ಲ. ಖಾಲಿ ಗುಳಿಯ ಪಕ್ಕದಲ್ಲೇ ಒಂದು ಚಿನ್ನದ ಗಡಿಯಾರ ಹೊಳೆಯುತ್ತ ಕೂತಿತ್ತು. ಇನ್‌ಸ್ಪೆಕ್ಟರ್ ಅದನ್ನು ಬಹಳ ಹೊತ್ತು ನೋಡಿದರು.

"ಕೀಲಿ ಎಲ್ಲಿಡುತ್ತೀರಿ?"

ಮೋನಪ್ಪ ಗೋಡೆಯ ದೊಡ್ಡ ಗಡಿಯಾರದ ಪೆಟ್ಟಿಗೆ ತೆರೆದು, ಲೋಲಕದ ಕೆಳಗಿನಿಂದ ಕೀಲಿ ತೆಗೆದು ತೋರಿಸಿದರು.

"ಈ ಪೆಟ್ಟಿಗೆಯ ಧೂಳು ಯಾರು ಒರೆಸುತ್ತಾರೆ?"

"ಹನುಮವ್ವ."

ಗುರವ ಹಾಗೆಯೇ ಬರೆದುಕೊಂಡ. ಗೋಡೆ ಗಡಿಯಾರ ಹನ್ನೊಂದೂ ಐವತ್ತು ತೋರಿಸುತ್ತಿತ್ತು. ಇನ್‌ಸ್ಪೆಕ್ಟರರ ಕೈಗಡಿಯಾರವೂ ಅಷ್ಟೇ ತೋರಿಸುತ್ತಿತ್ತು. ಸರಿಯಾಗಿದೆ ಎಂದು ಅವರಿಗೆ ಅನ್ನಿಸಿತು. ಸರಿಯಾಗಿರುವುದನ್ನು ಯಾರೂ ಪಂಚನಾಮೆಯಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಹನುಮವ್ವನನ್ನು ಠಾಣೆಗೆ ಕರೆಸಲಾಯಿತು. ಸೇಡಂ ಕಡೆಯ ಹೆಂಗಸು, ನಲವತ್ತರ ಆಸುಪಾಸು. ಗಂಡ ಹಣಮಂತ ಪವಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅದೇ ಬಿಲ್ಡಿಂಗಿನ ಆರು ಮನೆಗಳಲ್ಲಿ ಅವಳು ಪಾತ್ರೆ, ಬಟ್ಟೆ, ಕಸ ಮಾಡುತ್ತಿದ್ದಳು. ಬರುವಾಗ ಕೈ ಒರೆಸಿಕೊಳ್ಳಲೂ ಬಿಟ್ಟಿರಲಿಲ್ಲವೇನೋ, ಮುಂಗೈ ಮೇಲೆ ಸೋಪಿನ ನೊರೆ ಒಣಗಿತ್ತು.

"ಮೋನಪ್ಪನವರ ಮನ್ಯಾಗ ಎಷ್ಟು ವರ್ಷ ಆತು?"

"ಈ ಹೋಳಿ ಹುಣ್ಣಿವಿಗಿ ಐದ್ ಆಗತಾವ ರೀ."

"ಕಪಾಟ ತೆಗದಿಯೇನು?"

"ಗಾಜ ಒರಸೀನಿ. ತೆಗದಿಲ್ಲ."

"ಕೀಲಿ ಎಲ್ಲಿರತದ ಗೊತ್ತದೇನು?"

"ಗೊತ್ತದ ರೀ. ಗ್ವಾಡಿ ಗಡಿಯಾರದಾಗ."

ಗುರವನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. "ಅರೇ ಬಾಯಿ, ಗೊತ್ತಿದೆ ಅಂತ ಯಾಕೆ ಹೇಳ್ತೀ?" ಎಂದ ಹಿಂದಿಯಲ್ಲಿ.

"ಗೊತ್ತದಲ್ಲ, ಅದಕ್ಕ," ಎಂದಳು ಹನುಮವ್ವ.

"ಅಷ್ಟರಾಗ ಯಾವ ಗಡಿಯಾರ ಚಲೋದು?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಹಳದೀದು ಚಂದ ಕಾಣತದ್ರಿ. ಸಾವ್ಕಾರ್ರು ಕರೀದ ಚಲೋ ಅಂತಾರ. ಗೀರು ಬಿದ್ದದ, ಹೊಲಸಾಗೇದ. ಅವರ ಖುಷಿ."

ಸಂಜೆ ಘಾಟ್ಲಾದ ಅವಳ ಗುಡಿಸಲನ್ನು ಶೋಧಿಸಿದರು. ಏನೂ ಸಿಗಲಿಲ್ಲ. ಆದರೆ ಮೋನಪ್ಪನವರಿಗೆ ಪರಿಚಯವಿದ್ದ ಮೇಲಧಿಕಾರಿಯೊಬ್ಬರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಯಾರನ್ನೂ ಹಿಡಿದಿಲ್ಲ ಎಂದು ಹೇಳುವಂತಿರಲಿಲ್ಲ. ದಿನವೂ ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದೂವರೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಬೇಕೆಂದು ಇನ್‌ಸ್ಪೆಕ್ಟರ್ ಅವಳಿಗೆ ಹೇಳಿದರು. ಲಾಕಪ್ಪಿಗಿಂತ ಬೆಂಚು ವಾಸಿಯೆಂದು ತಮಗೆ ತಾವೇ ಹೇಳಿಕೊಂಡರು. ಅದು ಪೂರ್ತಿ ನಿಜವಲ್ಲವೆಂದೂ ಅವರಿಗೆ ಗೊತ್ತಿತ್ತು. ಬೆಂಚು ರಸ್ತೆಗೆ ಕಾಣುತ್ತಿತ್ತು.

ಮಂಗಳವಾರದಿಂದ ಶುಕ್ರವಾರದವರೆಗೆ ತನಿಖೆ ಎಲ್ಲ ತನಿಖೆಗಳಂತೆ ನಡೆಯಿತು. ಗಿರವಿ ಅಂಗಡಿಗಳಿಗೆ ವರ್ಣನೆ ಕಳಿಸಿದರು. ಗುರವ ಚೋರ್ ಬಜಾರಿಗೆ ಎರಡು ಸಲ ಹೋಗಿ ಬಂದ. ಅಲ್ಲಿಯ ಹಳೇ ಗಡಿಯಾರದ ವ್ಯಾಪಾರಿ, "ಇಂಥದ್ದನ್ನು ಯಾರೂ ಮಾರಲು ತಂದಿಲ್ಲ. ಜನವರಿಯಲ್ಲಿ ಇದೇ ಕಂಪನಿಯದ್ದು ಒಂದು ಬಂದಿತ್ತು, ನೀರು ಹೊಕ್ಕು ಸತ್ತದ್ದು. ಅದೂ ಹೋಯಿತು," ಎಂದನಂತೆ. ಗುರವ, ಮಾರಾಟಕ್ಕೆ ಬಂದಿಲ್ಲ, ಎಂದು ಡೈರಿಯಲ್ಲಿ ಬರೆದ.

ಹನುಮವ್ವ ಬೆಂಚಿನ ತುದಿಯಲ್ಲಿ, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂರುತ್ತಿದ್ದಳು. ಬುಧವಾರ ಹೊತ್ತಿಗೆ ಎರಡು ಮನೆಯವರು ಬೇರೆ ಹೆಂಗಸನ್ನು ಇಟ್ಟುಕೊಂಡರು. ಗುರುವಾರ ಇನ್ನೆರಡು. ಮುಂದಿನ ಸೋಮವಾರದೊಳಗೆ ಪೊಲೀಸರು ಇವಳ ಹೆಸರು ಬಿಡದಿದ್ದರೆ ಗೇಟಿನೊಳಗೆ ಕಾಲಿಡುವಂತಿಲ್ಲ ಎಂದು ಸೆಕ್ರೆಟರಿ ಹೇಳಿ ಕಳಿಸಿದ್ದರು.

"ಗಡಿಯಾರ ಸಿಗದಿದ್ರ ಸಿಗವಲ್ದ್ಯಾಕ ರೀ," ಎಂದಳು ಅವಳು ಒಮ್ಮೆ. "ನಾ ತಗೊಂಡಿಲ್ಲ ಅನ್ನೂದು ಯಾವಾಗ ಸಿಗತದ?"

ಇನ್‌ಸ್ಪೆಕ್ಟರ್ ಫೈಲು ನೋಡುತ್ತಿರುವಂತೆ ನಟಿಸಿದರು.

ಒಂದು ಸಂಗತಿಯನ್ನು ಮಾತ್ರ ಅವರು ಗಮನಿಸಿದ್ದರು. ಮಂಗಳವಾರದಿಂದ ದಿನವೂ ನಾಲ್ಕು ಗಂಟೆಗೆ, ಸ್ಟೇಷನ್ ರಸ್ತೆಯ ಚಹಾದಂಗಡಿಯ ಅಣ್ಣು ಹನುಮವ್ವನ ಪಕ್ಕ ಒಂದು ಗ್ಲಾಸು ಚಹಾ ಇಟ್ಟು ಹೋಗುತ್ತಿದ್ದ. ಗುರವ ಹೇಳಿರಬೇಕು ಎಂದುಕೊಂಡು ಅವರಿಗೆ ಆ ದಣಿದ ಮನುಷ್ಯನ ಮೇಲೆ ಪ್ರೀತಿ ಬಂತು. ಸಾಹೇಬರೇ ಹೇಳಿದ್ದೆಂದು ಗುರವ ತಿಳಿದಿದ್ದ. ಇಬ್ಬರೂ ಆ ಮಾತು ಎತ್ತಲಿಲ್ಲ.

ಫೆಬ್ರವರಿ ೧೨, ಶನಿವಾರ, ಮಧ್ಯಾಹ್ನ ಹನ್ನೆರಡೂ ಹತ್ತು. ಮೋನಪ್ಪ ಟ್ಯಾಕ್ಸಿಯಲ್ಲಿ ಬಂದಿಳಿದರು. ಕರ್ಚೀಫಿನಲ್ಲಿ ಸುತ್ತಿದ್ದನ್ನು ಮೇಜಿನ ಮೇಲೆ ಬಿಚ್ಚಿದರು.

"ಬಂತು ಸಾಹೇಬ್ರೆ. ಗುಳಿಯಲ್ಲೇ ಕೂತಿತ್ತು. ಹೆಂಡತಿ ನೋಡಿದ್ದು, ಈಗ ಅರ್ಧ ಗಂಟೆ ಹಿಂದೆ."

ಕಪ್ಪು ಡಯಲಿನ ಗಡಿಯಾರ ನಡೆಯುತ್ತಿತ್ತು.

"ಯಾರು ಇಟ್ಟರು?"

"ಇನ್ಯಾರು? ನಿನ್ನೆ ಸಂಜೆ ಇಲ್ಲಿಂದ ಸೀದಾ ನಮ್ಮ ಮನೆಗೆ ಬಂದಿದ್ದಳು. ಅಡಿಗೆ ಮನೆ ಬಾಗಿಲಲ್ಲಿ ಕೂತು ನೀಲಾವತಿ ಹತ್ತಿರ ಅತ್ತಳಂತೆ. ಅತ್ತ ಹಾಗೆ ಮಾಡಿ ಇಟ್ಟು ಹೋಗಿದ್ದಾಳೆ. ನನಗೆ ಕೇಸು ಬೇಡ. ನಾಳೆ ಎಂಜಿನಿಯರ್ ಬರ್ತಾರೆ. ಬಿಟ್ಟುಬಿಡಿ ಅವಳನ್ನು, ಆದರೆ ನಮ್ಮ ಬಿಲ್ಡಿಂಗಿಗೆ ಬೇಡ."

ಬೆಂಚಿನ ಮೇಲಿದ್ದ ಹನುಮವ್ವನಿಗೆ ಎಲ್ಲವೂ ಕೇಳಿಸಿತು. ಅವಳು ಎದ್ದು ನಿಂತಳು, ಮತ್ತೆ ಕೂತಳು.

ಕೇಸು ಮುಚ್ಚಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಇನ್‌ಸ್ಪೆಕ್ಟರರ ಕಾಲು ನೋಯುತ್ತಿತ್ತು, ಶನಿವಾರ ಬೇರೆ. ಆದರೆ ಮೋನಪ್ಪ ಗಡಿಯಾರವನ್ನು ದೀಪದ ಕೆಳಗೆ ಮತ್ತೆ ಮತ್ತೆ ಹೊರಳಿಸುತ್ತಿದ್ದರು.

"ಏನಾಯಿತು?"

"ಏನಿಲ್ಲ. ನೀಲಿ ಸ್ವಲ್ಪ ಮಾಸಿದ ಹಾಗೆ... ನಿಮ್ಮ ದೀಪವೇ ಹೀಗೆ ಇರಬೇಕು."

"ಇದು ನಿಮ್ಮದೇ ಗಡಿಯಾರ ಎಂದು ಜಪ್ತಿ ಪಂಚನಾಮೆಯಲ್ಲಿ ಬರೆಯಬೇಕು. ನಂಬರ್ ತಾಳೆಯಾಗಬೇಕು. ಮುಚ್ಚಳ ತೆರೆಸಿ."

"ಬೇಡ ಸಾಹೇಬ್ರೆ. ಅರವತ್ತಾರರಿಂದ ಅದನ್ನು ತೆರೆದಿಲ್ಲ. ಮುಟ್ಟದೆ ಇಟ್ಟಿದ್ದೇನೆ."

"ಯಾರೋ ಮುಟ್ಟಿದ್ದಾರೆ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಗಡಿಯಾರಗಳಿಗೆ ನೀವು ಕೀಲಿ ಕೊಡುತ್ತೀರಾ?"

"ಇಲ್ಲ. ಸವೆಯುತ್ತದೆ."

"ಇದು ನಡೆಯುತ್ತಿದೆ."

ಮೋನಪ್ಪ ಗಡಿಯಾರವನ್ನು ಕಿವಿಗೆ ಹಿಡಿದರು.

ಮೂರೂವರೆಗೆ ಅವರು ಫೋರ್ಟಿನ ಒಂದು ಹಳೆಯ ಅಂಗಡಿಯಲ್ಲಿದ್ದರು. ಗಡಿಯಾರದ ಕೆಲಸಗಾರ ಬೆಜನ್‌ಜಿಗೆ ಎಪ್ಪತ್ತು ದಾಟಿತ್ತು. ಇಬ್ಬರು ಪಂಚರ ಎದುರು ಆತ ಮುಚ್ಚಳವನ್ನು ತಿರುಗಿಸಿ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನಂಬರ್ ಓದಿದ. ತಾಳೆಯಾಯಿತು.

"ಎಣ್ಣೆ ಹೊಸದು. ಒಳ್ಳೆಯ ಕೈ," ಎಂದ ಬೆಜನ್‌ಜಿ. ಆಮೇಲೆ ಮುಚ್ಚಳದ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದ. ಕೂದಲಿನಷ್ಟು ಸಣ್ಣ ಗೀರುಗಳಲ್ಲಿ ಏನೇನೋ ಬರೆದಿತ್ತು.

"ಇದೇನು?" ಎಂದರು ಇನ್‌ಸ್ಪೆಕ್ಟರ್.

"ನಮ್ಮ ರಿವಾಜು ಸಾಹೇಬ್. ಗಡಿಯಾರ ತೆರೆದವನು ಗುರುತು, ತಾರೀಖು ಒಳಗೆ ಗೀರಿಯೇ ಮುಚ್ಚಬೇಕು. ಮಾಲೀಕನಿಗೆ ಕಾಣುವುದಿಲ್ಲ. ಮುಂದೆ ತೆರೆಯುವವನಿಗೆ ಕಾಣುತ್ತದೆ. ಇದು ನಲವತ್ತೆಂಟರದ್ದು, ಗಿರ್ಗಾಂವಿನ ಒಬ್ಬನ ಗುರುತು. ಇದು ಐವತ್ತೇಳು. ಇವೆರಡು ನನಗೆ ಓದಲು ಬರುವುದಿಲ್ಲ, ಮದ್ರಾಸಿನ ಕಡೆಯದ್ದೇನೋ. ಒಂದು ಮಂಕಾಗಿದೆ, ಹಳೆಯದು. ಇನ್ನೊಂದು ನೋಡಿ, ಹೊಳೆಯುತ್ತದೆ. ಒಂದು ವಾರವೂ ಆಗಿಲ್ಲ. ಕ್ಯಾ ಲಿಖಾ ಹೈ, ಡಿಕ್ರಾ?"

ಐವತ್ತೈದರ ಇನ್‌ಸ್ಪೆಕ್ಟರರನ್ನು ಯಾರಾದರೂ 'ಮಗೂ' ಎಂದು ಕರೆದು ಬಹಳ ವರ್ಷಗಳಾಗಿದ್ದವು. ಅವರು ಭೂತಗನ್ನಡಿ ಇಸಿದುಕೊಂಡು ಬಗ್ಗಿದರು. ಕನ್ನಡ ಅಕ್ಷರ, ಕನ್ನಡ ಅಂಕಿ.

ಸಾ. ೧೧-೬೬. ಅದರ ಕೆಳಗೆ, ಸಾ. ೯-೨-೭೨.

ಒಂಬತ್ತನೇ ತಾರೀಖು ಬುಧವಾರ. ಅಂದು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಹನುಮವ್ವ ಬೆಂಚಿನ ಮೇಲಿದ್ದಳು. ಅವಳ ಹಾಜರಿಗೆ ಇನ್‌ಸ್ಪೆಕ್ಟರರೇ ಸಹಿ ಹಾಕಿದ್ದರು. ಅವಳು ಹೆಬ್ಬೆಟ್ಟು ಒತ್ತಿದ್ದಳು.

"ಅರವತ್ತಾರರಲ್ಲಿ ಇದನ್ನು ತೆರೆದವರು ಯಾರು?"

"ಸಾಯಬಣ್ಣ," ಎಂದರು ಮೋನಪ್ಪ. "ನಮ್ಮ ಸಾಯಬಣ್ಣ. ಸ್ಟೇಷನ್ ರಸ್ತೆಯಲ್ಲಿ ಜಿನೆಯ ಮೆಟ್ಟಿಲ ಕೆಳಗೆ ಕೂರುತ್ತಾನಲ್ಲ, ರಿಪೇರಿಯವ. ನಂಬರ್ ಬರೆದುಕೊಳ್ಳಲು ನಾನೇ ತೆರೆಸಿದ್ದು."

"ಮನೆಗೆ ಬರುತ್ತಾನಾ?"

"ಶನಿವಾರ ಶನಿವಾರ. ಗೋಡೆ ಗಡಿಯಾರಕ್ಕೆ ಕೀಲಿ ಕೊಡಲಿಕ್ಕೆ. ಇವತ್ತು ಬೆಳಿಗ್ಗೆಯೂ..."

ಇನ್‌ಸ್ಪೆಕ್ಟರ್ ಭೂತಗನ್ನಡಿ ಕೆಳಗಿಟ್ಟರು.

"ಮನೆಗೆ ಯಾರೂ ಬಂದಿಲ್ಲ ಎಂದು ಬರೆಸಿದ್ದೀರಿ."

"ಸಾಯಬಣ್ಣ ಬರುವುದು ಬಂದ ಹಾಗಾ ಸಾಹೇಬ್ರೆ?" ಎಂದರು ಮೋನಪ್ಪ. "ಅವ ನಮ್ಮ ಜೊತೆ ಕೂತು ಚಹಾ ಕುಡಿಯುವವ."

ಕೆಲಸದವಳು ಮಾತ್ರ ಬಂದ ಹಾಗೆ ಲೆಕ್ಕ ಹಿಡಿದಿರಿ, ಎಂದು ಹೇಳಬೇಕೆನಿಸಿತು ಇನ್‌ಸ್ಪೆಕ್ಟರರಿಗೆ. ಹೇಳಲಿಲ್ಲ. ಅವರು ತಾವೂ ಹಾಗೆಯೇ ಹಿಡಿದಿದ್ದರು. ಧೂಳು ಯಾರು ಒರೆಸುತ್ತಾರೆಂದು ಕೇಳಿದ್ದರೇ ಹೊರತು ಆ ಗೋಡೆ ಗಡಿಯಾರಕ್ಕೆ ಕೀಲಿ ಯಾರು ಕೊಡುತ್ತಾರೆಂದು ಕೇಳಿರಲಿಲ್ಲ.

ಸಂಜೆ ಐದೂ ನಲವತ್ತಕ್ಕೆ ಅವರು ಸ್ಟೇಷನ್ ರಸ್ತೆಯ ಜಿನೆಯ ಕೆಳಗೆ ನಿಂತಿದ್ದರು. ಸಾಯಬಣ್ಣ ಅರವತ್ತಮೂರರ ಒಣಕಲು ಮನುಷ್ಯ. ಭೂತಗನ್ನಡಿ ಹಣೆಯ ಮೇಲೆ. ಮುಂದೆ ಒಂದು ಅಲಾರಂ ಗಡಿಯಾರ ಬಿಚ್ಚಿಕೊಂಡಿತ್ತು. ಬೂಟುಗಳನ್ನು ನೋಡಿದ, ಮುಖ ನೋಡಲಿಲ್ಲ.

"ಇದು ಶಾಲಿ ಕಲಸೂ ಬಾಯಾರದು ರೀ. ಮುಂಜಾನೆ ಐದಕ್ಕ ಏಳತಾರ," ಎಂದ. "ಮುಚ್ಚಿ ಬರಲೇನು?"

"ಮುಚ್ಚು," ಎಂದರು ಇನ್‌ಸ್ಪೆಕ್ಟರ್.

ಗುರವ ಬೀಡಿ ಹಚ್ಚಿದ. ಹತ್ತು ನಿಮಿಷ ಹಿಡಿಯಿತು. ಸಾಯಬಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಮುಚ್ಚಳ ಹಾಕುವ ಮೊದಲು ಸೂಜಿ ತೆಗೆದು ಅದರ ಒಳಗೆ ಏನೋ ಗೀರಿದ. ಇನ್‌ಸ್ಪೆಕ್ಟರ್ ಕೇಳಲಿಲ್ಲ. ಅಲಾರಂ ಗಡಿಯಾರವನ್ನು ಪಕ್ಕದ ಬೀಗದ ರಿಪೇರಿಯವನಿಗೆ ಕೊಟ್ಟು, "ಬಾಯಾರು ಬಂದ್ರ ಕೊಡು. ನಾ ಇಲ್ಲಂತ ಹೇಳು," ಎಂದು ಸಾಯಬಣ್ಣ ಎದ್ದ.

ಡ್ರಾಯರಿನಲ್ಲಿ ನೀರು ಹೊಕ್ಕ ಹಳೆಯ ಕ್ರೋನೋಗ್ರಾಫ್ ಒಂದು ಸಿಕ್ಕಿತು. ಅದರ ಸಣ್ಣ ಡಯಲಿನಲ್ಲಿ ಮುಳ್ಳಿರಲಿಲ್ಲ. ಬೆಂಕಿಪೆಟ್ಟಿಗೆಯೊಂದರಲ್ಲಿ ಹತ್ತಿಯ ಮೇಲೆ ಮಲಗಿಸಿದ ಒಂದು ಮುಳ್ಳು ಸಿಕ್ಕಿತು. ರೆಪ್ಪೆಗೂದಲಿನಷ್ಟು ಸಣ್ಣದು. ಕಡುನೀಲಿ.

"ನಾನು ಯಾರು ಮಾರಿದರು ಅಂತ ಕೇಳಿದೆ ಸಾಹೇಬ," ಎಂದ ಗುರವ ಸತ್ತ ಗಡಿಯಾರವನ್ನು ನೋಡುತ್ತ. "ಯಾರು ಕೊಂಡರು ಅಂತ ಕೇಳಲಿಲ್ಲ."

ಆರೂ ಹದಿನೈದಕ್ಕೆ ಹೇಳಿಕೆ ಬರೆದುಕೊಳ್ಳಲು ಶುರು ಮಾಡಿದರು. ಹನುಮವ್ವನನ್ನು ಅಷ್ಟರಲ್ಲಿ ಮನೆಗೆ ಕಳಿಸಲಾಗಿತ್ತು.

"ಯಾವಾಗ ತಗೊಂಡಿ?"

"ಹೋದ ಶನಿವಾರ. ಗ್ವಾಡಿ ಗಡಿಯಾರಕ್ಕ ಕೀಲಿ ಕೊಡುಮುಂದ."

"ಯಾಕ?"

ಸಾಯಬಣ್ಣ ತನ್ನ ಕೈ ನೋಡಿಕೊಂಡ.

"ಅರವತ್ತಾರರಾಗ ನಂಬರ ನೋಡಾಕ ತೆಗದಾಗ ಚಿಮಟಿಗಿ ಜಾರಿತ್ರಿ. ಆ ಸಣ್ಣ ಮುಳ್ಳು ಮುರೀತು. ಅಂಥಾದ್ದು ಬೊಂಬಾಯಾಗ ಸಿಗೂದಿಲ್ಲ. ಮನಿಗಿ ಒಯ್ದು ನಾನ ಮಾಡಿದೆ. ಹಳೇ ಸ್ಪ್ರಿಂಗ ತೆಳ್ಳಗ ಉಜ್ಜಿ, ದೀಪದ ಮ್ಯಾಲ ಹಿಡದು ನೀಲಿ ತಂದೆ. ಹನ್ನೊಂದು ಸಲ ಸುಟ್ಟು ಹೋತು. ಹನ್ನೆರಡಕ್ಕ ಬಂತು."

"ಮೋನಪ್ಪನವರಿಗೆ ಹೇಳಲಿಲ್ಲ."

"ಮರುದಿನ ಹೇಳಬೇಕಂತ ಹೋದೆ ರೀ. ಅವರು ನಾಕು ಮಂದಿ ಕೂಡಿಸಿಕೊಂಡು, ಇದರೊಳಗ ಒಂದು ಸ್ಕ್ರೂ ಬದಲಾಗಿಲ್ಲ, ಬೇಕಾದ್ರ ಸಾಯಬಣ್ಣನ್ನ ಕೇಳ್ರಿ, ಅಂದ್ರು. ಹೌದಂತ ಗೋಣು ಹಾಕಿದೆ. ಆಮ್ಯಾಲ ಐದು ವರ್ಷ ಗೋಣು ಹಾಕಿಕೋತ ಬಂದೆ."

"ಈಗ ಎಂಜಿನಿಯರ್ ಬರತಾನಂತ ತಿಳೀತು."

"ಆ ಊರಿನವ ರೀ. ನೋಡಿದ ಕೂಡ್ಲೆ ಹೇಳತಾನ, ಇದು ಕೈಯಾಗ ಮಾಡಿದ್ದು ಅಂತ. ಜನವರಿಯಾಗ ಚೋರ್ ಬಜಾರಿನ್ಯಾಗ ಖರೇ ಮುಳ್ಳು ಸಿಕ್ತು. ಒಯ್ದು ಹಾಕಿ ತಂದಿಟ್ರ ಯಾರಿಗೂ ಗೊತ್ತಾಗೂದಿಲ್ಲ ಅಂದುಕೊಂಡೆ. ಈಗ ಅದು ಕಂಪನಿಯಿಂದ ಹೊರಬಿದ್ದಂಗ ಅದ. ಖರೇನ."

"ಒಂದು ಮಾತು ಹೇಳಿದ್ರ ಅವರು ಕ್ಷಮಾ ಮಾಡತಿದ್ರು."

"ಮಾಡತಿದ್ರು," ಎಂದ ಸಾಯಬಣ್ಣ. "ಆ ಮನಿಯಾಗ ನಾ ಒಳಗ ಕೂತು, ಅವರ ಜೋಡಿ, ಅವರ ಲೋಟದಾಗ ಚಹಾ ಕುಡೀತೀನ್ರಿ. ನಮ್ಮ ಮಂದಿಗೆ ನಮ್ಮೂರಾಗ ಯಾರೂ ಹಂಗ ಕೊಟ್ಟಿಲ್ಲ. ಈ ಕೈಮ್ಯಾಲಿನ ಭರೋಸಾಕ್ಕ ಅವರು ಕೊಟ್ರು. ಕ್ಷಮಾ ಮಾಡಿದ ಮ್ಯಾಲ ಲೋಟ ಅದ ಇರತದ, ಆದ್ರ ಅಷ್ಟ ಅಲ್ರಿ ಅದು."

ಗುರವ ಬರೆಯುವುದನ್ನು ನಿಲ್ಲಿಸಿದ್ದ. ಇನ್‌ಸ್ಪೆಕ್ಟರ್ ಅವನಿಗೆ ಬರೆ ಎಂದು ಸನ್ನೆ ಮಾಡಿದರು.

"ಕದ್ದ ಗಡಿಯಾರದಾಗ ನಿನ್ನ ಗುರುತು, ತಾರೀಖು ಯಾಕ ಗೀರಿದಿ? ಗೀರದಿದ್ರ ನೀ ಸಿಗತಿದ್ದಿಲ್ಲ."

ಸಾಯಬಣ್ಣ ಈ ಪ್ರಶ್ನೆಗೆ ಮಾತ್ರ ತಲೆ ಎತ್ತಿ ನೋಡಿದ. ಇಂಥದ್ದನ್ನು ಯಾಕೆ ಕೇಳುತ್ತಾರೆಂದು ಅವನಿಗೆ ಆಶ್ಚರ್ಯವಾದಂತಿತ್ತು.

"ತೆಗದವ ಬರೀಬೇಕಲ್ರಿ. ಬರೀದಿದ್ರ, ನಾ ಮಾಡಿದ ತಪ್ಪಿಗೆ ಮುಂದ ತೆಗದವ ಇನ್ನೊಬ್ಬನ್ನ ಬೈತಾನ."

ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದರು. ಹೊರಗೆ ಖಾಲಿ ಬೆಂಚು ಕಾಣುತ್ತಿತ್ತು.

"ಗಡಿಯಾರದ ಒಳಗ ಇನ್ನೊಬ್ಬರ ಮ್ಯಾಲ ಬರಬಾರದಂತ ಬರದಿ," ಎಂದರು. "ಹೊರಗ ಹನುಮವ್ವನ ಮ್ಯಾಲ ಬಂತು. ಐದು ದಿನ ಅಲ್ಲಿ ಕೂತಳು. ದಿನಾ ನೀ ಇದೇ ದಾರಿಗೆ ಹೋಗತಿದ್ದಿ."

ಸಾಯಬಣ್ಣ ಮತ್ತೆ ತಲೆ ತಗ್ಗಿಸಿದ.

"ಚಹಾ ಕಳಸತಿದ್ದೆ ರೀ," ಎಂದ.

ಅದೇ ರಾತ್ರಿ ಮೋನಪ್ಪ ಬಂದು ಹೇಳಿಕೆಯನ್ನು ಓದಿಸಿ ಕೇಳಿದರು. ಬೈಯಲಿಲ್ಲ. ಬೆಂಕಿಪೆಟ್ಟಿಗೆಯಲ್ಲಿದ್ದ, ಸಾಯಬಣ್ಣ ಮಾಡಿದ ಮುಳ್ಳನ್ನು ದೀಪದ ಕೆಳಗೆ ನೋಡಿ, ಆಮೇಲೆ ಗಡಿಯಾರದಲ್ಲಿದ್ದ ಮುಳ್ಳನ್ನು ನೋಡಿದರು. ಕಂಪನಿಯ ಮುಳ್ಳು ಬೂದಿ ಬಣ್ಣಕ್ಕೆ ತಿರುಗಿತ್ತು.

"ಆ ನೀಲಿ ಯಾರ ಕೈಯಲ್ಲೂ ಆಗುವುದಿಲ್ಲ ಅಂತ ಅವನ ಎದುರಿಗೇ ಎಷ್ಟು ಸಲ ಹೇಳಿದ್ದೇನೆ," ಎಂದರು. ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡು, "ಇದನ್ನು ನನಗೆ ಕೊಡಬಹುದಾ? ಈ ಮುಳ್ಳನ್ನು?"

"ಮುದ್ದೆಮಾಲು. ಕೋರ್ಟು ಹೇಳಬೇಕು."

"ಅವನನ್ನು?"

"ಅದೂ ಕೋರ್ಟೇ ಹೇಳಬೇಕು."

ಮರುದಿನ, ಭಾನುವಾರ, ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಸಮವಸ್ತ್ರದಲ್ಲಿ ಹನುಮವ್ವನ ಜೊತೆ ಆ ಬಿಲ್ಡಿಂಗಿಗೆ ಹೋದರು. ಅದು ಅವರ ಕರ್ತವ್ಯಗಳ ಪಟ್ಟಿಯಲ್ಲಿ ಇರಲಿಲ್ಲ. ಗೇಟಿನಲ್ಲಿ ಸೆಕ್ರೆಟರಿಯನ್ನು ಕರೆಸಿ, ಮೇಲಿನ ಗ್ಯಾಲರಿಗಳಿಗೆ ಕೇಳುವಷ್ಟು ಗಟ್ಟಿಯಾಗಿ, ಈ ಹೆಂಗಸಿನ ಮೇಲೆ ಯಾವ ಆರೋಪವೂ ಇಲ್ಲ, ತಪ್ಪು ಠಾಣೆಯದು, ಎಂದು ಮರಾಠಿಯಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಹೇಳಿದರು. ಸೆಕ್ರೆಟರಿ ತಲೆಯಾಡಿಸಿದರು. ನಾಲ್ಕು ಮನೆಯವರು ಬೇರೆಯವರನ್ನು ಇಟ್ಟುಕೊಂಡಾಗಿತ್ತು, ಅವರನ್ನು ಬಿಡಿಸುವಂತಿರಲಿಲ್ಲ. ಒಂದು ಮನೆ ಉಳಿದಿತ್ತು. ಇನ್ನೊಂದು ನೀಲಾವತಿಯವರದು. ಅವರು ತಾವೇ ಕೆಳಗಿಳಿದು ಬಂದು ಹನುಮವ್ವನ ಕೈ ಹಿಡಿದುಕೊಂಡು, "ಬಾ," ಎಂದರು.

"ನಿಮ್ಮದೇನು ತಪ್ಪಿಲ್ಲ ಅಕ್ಕಾರ," ಎಂದಳು ಹನುಮವ್ವ ಕೈ ಬಿಡಿಸಿಕೊಳ್ಳದೆ. "ಆ ಗಾಜ ಇನ್ನ ನಾ ಒರಸೂದಿಲ್ಲ."

ತಿರುಗಿ ಬರುವಾಗ ಅವಳು ಕೇಳಿದಳು. "ಚಹಾ ಆ ಗಡಿಯಾರ ರಿಪೇರಿಯವರು ಕಳಸತಿದ್ರಂತ, ಹೌದೇನ್ರಿ?"

"ಹೌದು."

"ಗೊತ್ತಿದ್ರ ಕುಡೀತಿದ್ದಿಲ್ಲ." ನಾಲ್ಕು ಹೆಜ್ಜೆ ನಡೆದಳು. "ಬಿಸಿ ಇರತಿತ್ತು."

ಮಧ್ಯಾಹ್ನ ಇನ್‌ಸ್ಪೆಕ್ಟರ್ ಕೇಸ್ ಡೈರಿ ಮುಗಿಸಲು ಕೂತರು. ಮುದ್ದೆಮಾಲಿನ ಪಟ್ಟಿಯಲ್ಲಿ ವಸ್ತುವಿನ ಸ್ಥಿತಿ ಎಂಬಲ್ಲಿ, ಮೂಲದಂತೆ, ನಡೆಯುತ್ತಿದೆ, ಎಂದು ಬರೆದರು. ಅರಗಿನ ಮುದ್ರೆ ಒತ್ತಿದ ಬಟ್ಟೆಯ ಗಂಟನ್ನು ಕಿವಿಗೆ ಹಿಡಿದರೆ ಇನ್ನೂ ಸದ್ದು ಕೇಳುತ್ತಿತ್ತು. ಅಪರಾಧದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ ಹೀಗೆ ಬರೆದರು: ಆರೋಪಿಯು ವಸ್ತುವಿನ ಮೇಲಿನ ಆಸೆಯಿಂದ ಕದ್ದಿಲ್ಲ. ತನ್ನ ಕೈಯ ಮೇಲೆ ಒಬ್ಬರು ಇಟ್ಟಿದ್ದ ನಂಬಿಕೆಯನ್ನು ನಿಜ ಮಾಡಲು ಹೋಗಿ, ಇನ್ನೊಬ್ಬರು ಅದರ ಬೆಲೆ ತೆತ್ತದ್ದನ್ನು ಕಂಡೂ ಸುಮ್ಮನಿದ್ದನು.

ನಾಲ್ಕೂವರೆಗೆ ಸಾಯಬಣ್ಣನನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ಯಬೇಕಿತ್ತು. ನಾಲ್ಕಕ್ಕೆ ಸರಿಯಾಗಿ ಅಣ್ಣು ಒಂದು ಗ್ಲಾಸು ಚಹಾ ಹಿಡಿದು ಬಂದು, ಬೆಂಚಿನ ಮುಂದೆ ನಿಂತ.

"ಯಾರಿಗೆ?" ಎಂದ ಗುರವ.

"ಆ ಹೆಂಗಸಿಗೆ. ಅವಳು ಇಲ್ಲಿ ಕೂರುವಷ್ಟು ದಿನವೂ ಕೊಡು ಅಂತ ಮುದುಕರು ಹೇಳಿದ್ದಾರೆ. ಇವತ್ತು ಇಲ್ಲವಾ?"

ಗುರವ ಇನ್‌ಸ್ಪೆಕ್ಟರರ ಮುಖ ನೋಡಿದ. ಅವರು ಲಾಕಪ್ಪಿನ ಕಡೆ ತಲೆಯಾಡಿಸಿದರು. ಸರಳುಗಳ ನಡುವಿನಿಂದ ಗುರವ ಕೊಟ್ಟ ಗ್ಲಾಸನ್ನು ಸಾಯಬಣ್ಣ ಎರಡೂ ಕೈಯಲ್ಲಿ ಇಸಿದುಕೊಂಡ. ಹೊರಡುವ ಹೊತ್ತಾಗಿ ಗುರವ ಬೀಗ ತೆರೆದಾಗಲೂ ಅದು ಹಾಗೆಯೇ ತುಂಬಿತ್ತು, ಮೇಲೆ ಕೆನೆ ಕಟ್ಟಿತ್ತು. ಸಾಯಬಣ್ಣ ಅದನ್ನು ಚೆಲ್ಲದಂತೆ ನೆಲದ ಮೇಲಿಟ್ಟು ಎದ್ದುನಿಂತ.